ಉಯುನಿಯಿಂದ ಕೆಂಪು ಸರೋವರದವರೆಗೆ: ಬೊಲಿವಿಯಾದ ಮೂರು ದಿನಗಳ ಜೀಪು ಪ್ರವಾಸದ ವಿಮರ್ಶೆ

ಬೊಲಿವಿಯಾದ ನೈಋತ್ಯ ಮೂಲೆಯಲ್ಲಿ, ಚಿಲಿಯ ಗಡಿಗೆ ತಾಗಿಕೊಂಡಿರುವ ಎತ್ತರದ ತಣ್ಣನೆಯ ಮರುಭೂಮಿಯ ಉಪ್ಪುಸರೋವರಗಳನ್ನು ನೋಡಬೇಕೆನ್ನುವವರು ಬಹುಮಟ್ಟಿಗೆ ಉಯುನಿ ಎಂಬ ಚಿಕ್ಕ ಪಟ್ಟಣದಿಂದ ಹೊರಡುವ ಜೀಪು ಪ್ರವಾಸಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಆ ಪ್ರದೇಶದ ಹೆಚ್ಚಿನ ಭಾಗದಲ್ಲಿ ಟಾರು ರಸ್ತೆಯಿಲ್ಲ, ಸರೋವರಗಳಿಗೆ ಬಸ್ಸು ಹೋಗುವುದಿಲ್ಲ, ದಾರಿಯುದ್ದಕ್ಕೂ ಮೊಬೈಲ್ ಸಂಪರ್ಕ ಸಿಗುವುದು ಅಪರೂಪ. ಕಳೆದ ನವೆಂಬರಿನಲ್ಲಿ ನಾನು, ನನ್ನ ಅಕ್ಕ, ಭಾವ ಮತ್ತು ಇಬ್ಬರು ಸ್ನೇಹಿತರು ಅಲ್ಲಿನ ಒಂದು ಸಂಸ್ಥೆಯಿಂದ ಮೂರು ಹಗಲು, ಎರಡು ರಾತ್ರಿಯ ಪ್ರವಾಸವನ್ನು ತೆಗೆದುಕೊಂಡೆವು. ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಆ ಪಟ್ಟಣದ ಬಹುತೇಕ ಸಂಸ್ಥೆಗಳ ಜೀಪುಗಳು ಒಂದೇ ಹಾದಿಯಲ್ಲಿ, ಹೆಚ್ಚುಕಡಿಮೆ ಒಂದೇ ವೇಳಾಪಟ್ಟಿಯಂತೆ ಓಡುತ್ತವೆ. ಆದುದರಿಂದ ಯಾವ ಫಲಕದ ಕೆಳಗೆ ಹಣ ಕಟ್ಟಿದೆವು ಎನ್ನುವುದಕ್ಕಿಂತ, ಆ ಮೂರು ದಿನಗಳಲ್ಲಿ ಯಾರು ಜೊತೆಗಿದ್ದರು ಮತ್ತು ಎಲ್ಲಿ ಎಷ್ಟು ಹೊತ್ತು ನಿಲ್ಲಲು ಬಿಟ್ಟರು ಎನ್ನುವುದೇ ಮುಂದೆ ಹೋಗುವವರಿಗೆ ಉಪಯೋಗಕ್ಕೆ ಬರುವ ಸಂಗತಿ ಎಂದು ನನಗೆ ಅನ್ನಿಸಿದೆ.

ಇಲ್ಲಿ ಎರಡು ಬಗೆಯ ಸೇವೆಗಳಿವೆ. ಸಾಮಾನ್ಯವಾದ ಬಗೆಯಲ್ಲಿ ಚಾಲಕನೇ ಗಾಡಿ ಓಡಿಸುತ್ತಾನೆ, ಅಡುಗೆ ಬಡಿಸುತ್ತಾನೆ, ಟೈರು ಬದಲಿಸುತ್ತಾನೆ, ತನಗೆ ಗೊತ್ತಿದ್ದಷ್ಟನ್ನು ಸ್ಪ್ಯಾನಿಷ್ ಭಾಷೆಯಲ್ಲಿ ವಿವರಿಸುತ್ತಾನೆ. ಇನ್ನೊಂದರಲ್ಲಿ ಚಾಲಕನ ಜೊತೆಗೆ ಇಂಗ್ಲಿಷ್ ಬಲ್ಲ ಮಾರ್ಗದರ್ಶಿಯೊಬ್ಬರು ಪ್ರತ್ಯೇಕವಾಗಿ ಬರುತ್ತಾರೆ, ಅವರಿಗೆ ಹೆಚ್ಚಿನ ಹಣ ಕೊಡಬೇಕು. ಅಕ್ಕ ಹಲವು ವರ್ಷಗಳಿಂದ ಹಕ್ಕಿಗಳನ್ನು ನೋಡುವ ಹವ್ಯಾಸದವಳು, ಅವಳ ಒತ್ತಾಯದಿಂದ ನಾವು ಎರಡನೆಯದನ್ನು ಆರಿಸಿಕೊಂಡೆವು. ಈ ಒಂದು ತೀರ್ಮಾನವಿಲ್ಲದಿದ್ದರೆ ಈ ವಿಮರ್ಶೆಯ ಅರ್ಧ ಭಾಗವನ್ನು ನಾನು ಬರೆಯಲಾಗುತ್ತಿರಲಿಲ್ಲ. ನಮ್ಮ ಮಾರ್ಗದರ್ಶಿ ಈ ಸರೋವರಗಳಿರುವ ಲೀಪೆಸ್ ಪ್ರದೇಶದ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ಮಹಿಳೆ. ಅವರು ಪ್ರತಿ ಹಕ್ಕಿಗೆ ಅಲ್ಲಿನವರ ಕೆಚುವಾ ಭಾಷೆಯಲ್ಲಿರುವ ಹೆಸರನ್ನು ಮೊದಲು ಹೇಳಿ, ಆಮೇಲೆ ಪುಸ್ತಕದ ಹೆಸರನ್ನು ಹೇಳುತ್ತಿದ್ದರು.

ಮೊದಲ ದಿನ ಸಲಾರ್ ದೆ ಉಯುನಿಯದು. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ 10,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರಕ್ಕೆ ಹರಡಿರುವ ಈ ಉಪ್ಪಿನ ಬಯಲು ಜಗತ್ತಿನಲ್ಲೇ ಅತಿ ದೊಡ್ಡದು. ಸಂಸ್ಥೆಯ ಜಾಹೀರಾತಿನ ಚಿತ್ರಗಳಲ್ಲೆಲ್ಲ ಆಕಾಶವನ್ನು ಕನ್ನಡಿಯಂತೆ ತೋರಿಸುವ ತೆಳುನೀರಿನ ಹಾಳೆಯೇ ಇತ್ತು. ಆದರೆ ಅಂಥ ನೀರು ನಿಲ್ಲುವುದು ಮಳೆಗಾಲದಲ್ಲಿ, ಅಂದರೆ ಮುಖ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ನವೆಂಬರಿನಲ್ಲಿ ಬಯಲು ಒಣಗಿ ಬೆಳ್ಳಗಿರುತ್ತದೆ. ಹಣ ಕಟ್ಟುವಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ. ನಾವು ಮೊದಲೇ ಓದಿಕೊಂಡಿದ್ದರಿಂದ ನಿರಾಸೆಯಾಗಲಿಲ್ಲ, ಆದರೆ ಪಕ್ಕದ ಜೀಪಿನಲ್ಲಿ ಬಂದಿದ್ದ ದಂಪತಿಗಳು ಕನ್ನಡಿಯನ್ನು ಹುಡುಕಿಕೊಂಡೇ ಅಷ್ಟು ದೂರ ಬಂದವರು. ಅವರ ಮುಖ ನೋಡಿದಾಗ ಇದು ಸಣ್ಣ ಲೋಪವಲ್ಲ ಎಂದು ತಿಳಿಯಿತು. ಯಾವ ತಿಂಗಳಿನಲ್ಲಿ ಏನು ಕಾಣುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ತಿಳಿಸುವುದು ಇಂಥ ಸೇವೆಯ ಮೊದಲ ಕರ್ತವ್ಯ.

ಒಣಗಿದ ಬಯಲು ತನ್ನ ಪಾಡಿಗೆ ತಾನೇ ಅದ್ಭುತವಾದದ್ದು. ಕಾಲಿನ ಕೆಳಗೆ ಎತ್ತ ನೋಡಿದರೂ ಐದಾರು ಮೂಲೆಗಳ ಉಪ್ಪಿನ ಚೌಕಟ್ಟುಗಳು, ಒಂದೊಂದೂ ಒಂದೆರಡು ಮೀಟರ್ ಅಗಲ, ಅಂಚುಗಳಲ್ಲಿ ತೆಳ್ಳನೆಯ ಏರಿ ಕಟ್ಟಿದಂತೆ ಉಬ್ಬಿಕೊಂಡಿರುತ್ತವೆ. ನೆಲ ಒಣಗಿ ಬಿರಿದ ಗುರುತು ಇದು ಎಂದೇ ನಾನು ತಿಳಿದಿದ್ದೆ. ಮಾರ್ಗದರ್ಶಿ ಅದನ್ನು ತಿದ್ದಿದರು. ಗಟ್ಟಿ ಉಪ್ಪಿನ ಪದರದ ಅಡಿಯಲ್ಲಿ ಉಪ್ಪುನೀರು ಸದಾ ಇರುತ್ತದೆ. ಬಿಸಿಲಿಗೂ ಗಾಳಿಗೂ ಮೇಲಿನ ನೀರು ಆವಿಯಾದಂತೆ ಉಳಿದ ನೀರು ಹೆಚ್ಚು ಉಪ್ಪಾಗಿ, ಹೆಚ್ಚು ಭಾರವಾಗಿ ಕೆಳಗಿಳಿಯುತ್ತದೆ, ಕಡಿಮೆ ಉಪ್ಪಿನ ನೀರು ಅದರ ಜಾಗಕ್ಕೆ ಮೇಲೇರುತ್ತದೆ. ಹೀಗೆ ಇಳಿಯುವ ಏರುವ ನೀರು ತನ್ನಷ್ಟಕ್ಕೆ ಬಿಡಿಬಿಡಿ ಸುಳಿಗಳಾಗಿ ಹಂಚಿಕೊಳ್ಳುವುದರಿಂದ, ಭಾರದ ನೀರು ಇಳಿಯುವ ಗೆರೆಗಳ ಮೇಲೆ ಉಪ್ಪು ಹೆಚ್ಚು ಕೂಡಿಕೊಂಡು ಅಂಚುಗಳು ಎದ್ದು ನಿಲ್ಲುತ್ತವೆ. ಅಲ್ಲಲ್ಲಿ ಈ ಪದರದಲ್ಲಿ ತೂತು ಬಿದ್ದು ನೀರು ಗುಳುಗುಳು ಎನ್ನುತ್ತಿರುವ ಜಾಗಗಳನ್ನು ಅಲ್ಲಿನವರು ಉಪ್ಪಿನ ಕಣ್ಣುಗಳೆಂದು ಕರೆಯುತ್ತಾರೆ. ಅಂಥ ಒಂದು ಕಣ್ಣಿನ ಬಳಿ ಅವರು ನಮ್ಮನ್ನು ಮಂಡಿಯೂರಿ ಕೂರಿಸಿ ಒಳಗಿನ ನೀರನ್ನು ತೋರಿಸಿದರು. ಆ ತನಕ ನೆಲವೆಂದು ನಡೆದುಬಂದದ್ದು ಒಂದು ಸರೋವರದ ಮುಚ್ಚಳ ಎಂಬುದು ಆಗ ಮನಸ್ಸಿಗೆ ಇಳಿಯಿತು.

ಈ ಬಯಲಿನ ಏರುತಗ್ಗು ಇಡೀ ವಿಸ್ತಾರದಲ್ಲಿ ಒಂದು ಮೀಟರಿನೊಳಗೇ ಇದೆ. ಉಪಗ್ರಹಗಳ ಎತ್ತರ ಅಳೆಯುವ ಉಪಕರಣಗಳನ್ನು ಸರಿಹೊಂದಿಸಿಕೊಳ್ಳಲು ವಿಜ್ಞಾನಿಗಳು ಇದನ್ನು ಬಳಸುವುದು ಅದಕ್ಕೇ. ಇದು ಹೇಗೆ ಆಯಿತೆಂಬ ಕಥೆ ಇಂಕಾವಾಸಿ ಎಂಬ ಗುಡ್ಡದ ಮೇಲೆ ಕಾಣುತ್ತದೆ. ಬಯಲಿನ ನಡುವೆ ನಡುಗಡ್ಡೆಯಂತೆ ಎದ್ದಿರುವ ಈ ಗುಡ್ಡದ ಬಂಡೆಗಳಿಗೆ ಹವಳವನ್ನು ಹೋಲುವ ಸುಣ್ಣದ ಪದರಗಳು ಅಂಟಿಕೊಂಡಿವೆ. ಅವು ಹಿಂದೆ ನೀರಿನಡಿಯಲ್ಲಿ ಪಾಚಿಗಳು ಬೆಳೆದು ಬಿಟ್ಟುಹೋದವು. ಸುಮಾರು 15,000 ವರ್ಷಗಳ ಹಿಂದೆ ಈ ಪ್ರದೇಶವನ್ನೆಲ್ಲ ಮುಳುಗಿಸಿದ್ದ, ನೂರು ಮೀಟರಿಗೂ ಹೆಚ್ಚು ಆಳದ ಮಹಾಸರೋವರವನ್ನು ಭೂವಿಜ್ಞಾನಿಗಳು ತೌಕಾ ಎಂದು ಕರೆಯುತ್ತಾರೆ. ಆಂಡಿಸ್‌ನ ಎರಡು ಶ್ರೇಣಿಗಳ ನಡುವಿನ ಈ ಪ್ರಸ್ಥಭೂಮಿಯಿಂದ ಯಾವ ನದಿಯೂ ಕಡಲಿಗೆ ಹೋಗುವುದಿಲ್ಲ. ಬಂದ ನೀರಿಗೆ ಆವಿಯಾಗುವುದೊಂದೇ ದಾರಿ, ಅದು ಕಲ್ಲುಗಳಿಂದ ಕರಗಿಸಿ ತಂದ ಉಪ್ಪು ಮಾತ್ರ ಇಲ್ಲೇ ಉಳಿಯುತ್ತದೆ. ಗುಡ್ಡದ ತುಂಬ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವ ಕಂಬದಂಥ ಪಾಪಾಸುಕಳ್ಳಿಗಳಿವೆ. ಕೆಲವು ನನ್ನ ಎತ್ತರದ ಐದು ಪಟ್ಟು ಇದ್ದವು, ಅವುಗಳ ವಯಸ್ಸನ್ನು ಲೆಕ್ಕ ಹಾಕಿದ ಮೇಲೆ ಒಂದನ್ನೂ ಮುಟ್ಟುವ ಮನಸ್ಸಾಗಲಿಲ್ಲ. ಇಲ್ಲಿ ನಮಗೆ ಸಿಕ್ಕ ಒಂದು ಗಂಟೆ ಸಾಕಾಯಿತು. ಆದರೆ ಅದಕ್ಕಿಂತ ಮೊದಲು, ಆಟಿಕೆಗಳನ್ನು ಮುಂದಿಟ್ಟು ಮನುಷ್ಯರು ಚಿಕ್ಕದಾಗಿ ಕಾಣುವಂತೆ ಫೋಟೋ ತೆಗೆಸುವ ಕಾರ್ಯಕ್ರಮಕ್ಕೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಹೋಗಿತ್ತು. ಅದನ್ನು ಬೇಡವೆಂದು ಹೇಳಬಹುದು ಎಂದು ನಮಗೆ ತಡವಾಗಿ ಗೊತ್ತಾಯಿತು.

ಎರಡನೆಯ ದಿನ ಜೀಪು ದಕ್ಷಿಣಕ್ಕೆ ತಿರುಗಿ ಎತ್ತರಕ್ಕೆ ಏರುತ್ತದೆ. ಜ್ವಾಲಾಮುಖಿಗಳ ಬುಡದಲ್ಲಿ ಒಂದರ ಹಿಂದೊಂದು ಸರೋವರಗಳು ಸಿಗುತ್ತವೆ. ಕಾನ್ಯಾಪಾ, ಎದಿಯೊಂದಾ, ಒಂದಾ ಇತ್ಯಾದಿ. ಎದಿಯೊಂದಾ ಎಂದರೆ ನಾರುವುದು ಎಂದು ಅರ್ಥ. ಗಂಧಕದ ವಾಸನೆ ಕಿಟಕಿ ಇಳಿಸುವ ಮೊದಲೇ ಒಳಗೆ ಬಂದಿತ್ತು. ನನ್ನ ಲೆಕ್ಕದಲ್ಲಿ ಈ ಪ್ರವಾಸಕ್ಕೆ ಕೊಟ್ಟ ಹಣ ಸಾರ್ಥಕವಾದದ್ದು ಈ ನಾತದ ಸರೋವರದ ದಂಡೆಯಲ್ಲಿ. ದಕ್ಷಿಣ ಅಮೆರಿಕದ ಎತ್ತರದ ಸರೋವರಗಳಲ್ಲಿ ಸಿಗುವ ಮೂರು ಜಾತಿಯ ರಾಜಹಂಸಗಳೂ (ಫ್ಲೆಮಿಂಗೊ) ಇಲ್ಲಿ ಒಟ್ಟಿಗೆ ಮೇಯುತ್ತಿದ್ದವು. ಮಾರ್ಗದರ್ಶಿ ಇಲ್ಲದೆ ಬಂದ ಜೀಪುಗಳವರು ಗುಲಾಬಿ ಬಣ್ಣದ ಹಕ್ಕಿಗಳನ್ನು ನೋಡಿ, ಚಿತ್ರ ತೆಗೆದುಕೊಂಡು, ಹದಿನೈದು ನಿಮಿಷಗಳಲ್ಲಿ ಹೊರಟುಹೋದರು. ನಾವು ಒಂದು ಗಂಟೆಗೂ ಹೆಚ್ಚು ಹೊತ್ತು ಒಂದು ಕಲ್ಲಿನ ಗೋಡೆಯ ಮರೆಯಲ್ಲಿ ಕುಳಿತೆವು.

ಮಾರ್ಗದರ್ಶಿ ಮೊದಲು ಕಾಲುಗಳನ್ನು ನೋಡಲು ಹೇಳಿದರು. ಬೂದು ಕಾಲು, ಅದರ ಕೀಲಿನಲ್ಲಿ ಮಾತ್ರ ಕೆಂಪು ಗಂಟು ಇದ್ದರೆ ಅದು ಚಿಲಿ ರಾಜಹಂಸ. ಹಳದಿ ಕಾಲಿದ್ದು, ಮಡಿಸಿದ ರೆಕ್ಕೆಯ ಹಿಂಭಾಗದಲ್ಲಿ ಕಪ್ಪು ತ್ರಿಕೋನ ಎದ್ದು ಕಂಡರೆ ಅದು ಆಂಡಿಸ್ ರಾಜಹಂಸ. ಇಟ್ಟಿಗೆಗೆಂಪು ಕಾಲು, ಗಿಡ್ಡನೆಯ ಹೊಳೆಯುವ ಹಳದಿ ಕೊಕ್ಕು, ಕೊಕ್ಕಿನ ತುದಿಯಲ್ಲಷ್ಟೇ ಕಪ್ಪು, ಎದೆಯ ಮೇಲೆ ಕುಂಕುಮದ ಗೀರುಗಳು ಇದ್ದರೆ ಅದು ಮೂರರಲ್ಲಿ ಚಿಕ್ಕದಾದ ಜೇಮ್ಸ್ ರಾಜಹಂಸ. ಅಲ್ಲಿನವರು ಕೊನೆಯ ಎರಡನ್ನು ದೊಡ್ಡ ಪರಿನಾ, ಚಿಕ್ಕ ಪರಿನಾ ಎಂದು ಕರೆಯುತ್ತಾರೆ. ಈ ಗುರುತುಗಳನ್ನು ಕಲಿತ ಮೇಲೆ ಅದುವರೆಗೆ ಒಂದೇ ಗುಲಾಬಿ ಗುಂಪಾಗಿದ್ದದ್ದು ಕಣ್ಣೆದುರೇ ಮೂರಾಗಿ ಒಡೆಯಿತು. ಅವು ನಿಂತ ನೀರಿನ ಆಳವೂ, ತಲೆ ಬಗ್ಗಿಸುವ ರೀತಿಯೂ ಬೇರೆಬೇರೆ ಎಂದು ಅಕ್ಕ ತಾನಾಗಿಯೇ ಕಂಡುಕೊಂಡಳು. ಅವಳು ಅದನ್ನು ಹೇಳಿದಾಗ ಮಾರ್ಗದರ್ಶಿಯ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಮರೆಯಲಾರೆ.

ಒಂದೇ ಸರೋವರದಲ್ಲಿ ಮೂರು ಜಾತಿಗಳು ಹೇಗೆ ಬದುಕುತ್ತವೆ ಎಂಬ ಪ್ರಶ್ನೆಗೆ ಉತ್ತರ ಕೊಕ್ಕಿನಲ್ಲಿದೆ. ರಾಜಹಂಸ ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಿಗೆಯನ್ನು ಪಂಪಿನಂತೆ ಹಿಂದಕ್ಕೂ ಮುಂದಕ್ಕೂ ಆಡಿಸಿ, ಕೊಕ್ಕಿನ ಅಂಚಿನ ಜಾಲರಿಗಳಲ್ಲಿ ನೀರನ್ನು ಸೋಸಿ ಆಹಾರ ಹಿಡಿಯುತ್ತದೆ. ಚಿಲಿ ರಾಜಹಂಸದ ಜಾಲರಿ ದೊಡ್ಡ ಕಣ್ಣಿನ ಜರಡಿಯಂಥದು. ಅದು ಉಪ್ಪುನೀರಿನ ಸೀಗಡಿಯಂಥ ಸಣ್ಣ ಜೀವಿಗಳನ್ನು ಹಿಡಿಯುತ್ತದೆ. ಉಳಿದೆರಡರ ಜಾಲರಿ ವಸ್ತ್ರಗಾಳಿತದಷ್ಟು ನಯವಾದದ್ದು. ಅವು ಡಯಾಟಮ್ ಎಂಬ, ಗಾಜಿನಂಥ ಕವಚದ ಸೂಕ್ಷ್ಮ ಪಾಚಿಗಳನ್ನೇ ಮುಖ್ಯವಾಗಿ ತಿನ್ನುತ್ತವೆ, ಅದರಲ್ಲೂ ಚಿಕ್ಕ ಪರಿನಾದ್ದು ಎಲ್ಲಕ್ಕಿಂತ ಸಣ್ಣ ಕಣ್ಣಿನದು. ದೇಹಕ್ಕೆ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕಲು ಅವುಗಳ ತಲೆಯಲ್ಲಿ ಬೇರೆಯೇ ಗ್ರಂಥಿಗಳಿವೆ. ಅಷ್ಟಾದರೂ ಕುಡಿಯಲು ದಂಡೆಯ ಸಿಹಿನೀರಿನ ಒರತೆಗಳಿಗೆ ಬರುತ್ತವೆ. ಅಂಥ ಒರತೆಯೊಂದರ ಬಳಿ ಸಾಲುಗಟ್ಟಿ ಬಂದು ನೀರು ಕುಡಿದು, ರೆಕ್ಕೆಗಳನ್ನು ತೊಳೆದು ಹೋಗುತ್ತಿದ್ದ ಹಕ್ಕಿಗಳನ್ನು ನಾವು ನೋಡಿದೆವು. ದಂಡೆಯಲ್ಲಿ ಆಂಡಿಸ್‌ನ ಆವೊಸೆಟ್‌ಗಳು ಮೇಲಕ್ಕೆ ಬಾಗಿದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಬೀಸುತ್ತಿದ್ದವು, ಕಡಲಿನಿಂದ ಇಷ್ಟು ದೂರದಲ್ಲಿ, ಇಷ್ಟು ಎತ್ತರದಲ್ಲಿ ಆಂಡಿಸ್ ಕಡಲಕ್ಕಿಗಳೂ ಇದ್ದವು.

ಇಲ್ಲಿಯೇ ಈ ಸೇವೆಯ ದೊಡ್ಡ ದೋಷವೂ ಕಂಡಿತು. ಅದೇ ಸಂಸ್ಥೆಯ ಇನ್ನೊಂದು ಜೀಪು ನಮ್ಮ ಹಿಂದೆ ಬಂದು, ನಿಲ್ಲಿಸಬೇಕಾದ ಜಾಗವನ್ನು ದಾಟಿ, ಒದ್ದೆ ದಂಡೆಯವರೆಗೆ ಇಳಿಯಿತು. ಅದರಲ್ಲಿದ್ದವರು ಇಳಿದು ನೀರಿನ ಕಡೆಗೆ ನಡೆದರು. ನೂರಾರು ಹಕ್ಕಿಗಳು ಒಮ್ಮೆಲೇ ಎದ್ದವು. ನೋಡಲು ಅದು ಸುಂದರವೇ, ಆದುದರಿಂದಲೇ ಜನ ಹಾಗೆ ಮಾಡುತ್ತಾರೆ. ಆದರೆ 4,000 ಮೀಟರಿಗೂ ಮೇಲಿನ ತೆಳುಗಾಳಿಯಲ್ಲಿ, ಧೂಳಿನಂಥ ಆಹಾರವನ್ನು ಹಗಲಿಡೀ ಸೋಸಿ ಬದುಕುವ ಹಕ್ಕಿಗೆ ಪ್ರತಿ ಹಾರಾಟವೂ ದುಬಾರಿ. ಗೂಡುಕಟ್ಟುವ ಕಾಲ ಹತ್ತಿರವಾಗುತ್ತಿರುವಾಗ ಅದು ಇನ್ನೂ ದುಬಾರಿ. ನಮ್ಮ ಮಾರ್ಗದರ್ಶಿ ಹೋಗಿ ಆ ಚಾಲಕನೊಡನೆ ಮಾತಾಡಿದರು, ಅವನು ಗಾಡಿಯನ್ನು ಹಿಂದಕ್ಕೆ ತೆಗೆದ, ಆದರೆ ಹಕ್ಕಿಗಳು ಆಚೆ ದಡದಿಂದ ಮರಳಿ ಬರಲಿಲ್ಲ. ಮಧ್ಯಾಹ್ನ ನಮ್ಮದೇ ಚಾಲಕ, ನಮಗೆ ಒಳ್ಳೆಯ ಚಿತ್ರ ಸಿಗಲೆಂಬ ಉತ್ಸಾಹದಿಂದ, ಹಾದಿ ಬಿಟ್ಟು ವಿಕುನ್ಯಾ ಎಂಬ ಕಾಡುಪ್ರಾಣಿಗಳ ಹಿಂಡಿನತ್ತ ಗಾಡಿ ತಿರುಗಿಸಿದ. ನಿಲ್ಲಿಸಲು ನಾವೇ ಹೇಳಬೇಕಾಯಿತು. ಅವನು ತಪ್ಪು ತಿಳಿಯಲಿಲ್ಲ, ಆಶ್ಚರ್ಯಪಟ್ಟ. ಪ್ರವಾಸಿಗರು ಸಾಮಾನ್ಯವಾಗಿ ಹತ್ತಿರ ಹೋಗು ಎಂದೇ ಕೇಳುತ್ತಾರಂತೆ. ತಪ್ಪು ಚಾಲಕನೊಬ್ಬನದೇ ಅಲ್ಲ, ಕೇಳುವವರದೂ ಹೌದು, ಆದರೆ ಅವನಿಗೆ ತರಬೇತಿ ಕೊಡಬೇಕಾದ್ದು ಸಂಸ್ಥೆ.

ವಿಕುನ್ಯಾಗಳ ಬಗ್ಗೆ ಒಂದು ಮಾತು. ಒಂಟೆಯ ಕುಲಕ್ಕೆ ಸೇರಿದ, ಜಿಂಕೆಯಷ್ಟು ನಾಜೂಕಾದ ಈ ಪ್ರಾಣಿಯ ಉಣ್ಣೆ ಅತಿ ನಯವಾದದ್ದು. ಆ ಉಣ್ಣೆಗಾಗಿಯೇ ಬೇಟೆಯಾಡಿ 1960ರ ದಶಕದ ಹೊತ್ತಿಗೆ ಇಡೀ ಆಂಡಿಸ್‌ನಲ್ಲಿ ಕೆಲವು ಸಾವಿರಗಳಷ್ಟೇ ಉಳಿದಿದ್ದವು. ಆಂಡಿಸ್ ದೇಶಗಳು 1969ರಲ್ಲಿ ಮತ್ತು 1979ರಲ್ಲಿ ಮಾಡಿಕೊಂಡ ಒಪ್ಪಂದಗಳ ನಂತರ ಅವು ಚೇತರಿಸಿಕೊಂಡವು. ಒಂದು ಗಂಡು, ಅದರ ಹಿಂದೆ ಐದಾರು ಹೆಣ್ಣುಗಳಿರುವ ಹಿಂಡುಗಳನ್ನು ನಾವು ದಿನವಿಡೀ ನೋಡಿದೆವು. ಬಂಡೆಗಳ ಸಂದಿಯಲ್ಲಿ ಬಿಸಿಲು ಕಾಯುತ್ತ ಕಣ್ಣು ಮುಚ್ಚಿ ಕುಳಿತಿದ್ದ, ಮೊಲದಂತೆ ಕಾಣುವ ವಿಸ್ಕಾಚಾಗಳು, ಉಷ್ಟ್ರಪಕ್ಷಿಯ ಚಿಕ್ಕ ಬಂಧುವಿನಂತಿರುವ, ಅಲ್ಲಿನವರು ಸುರಿ ಎನ್ನುವ ರಿಯಾ ಹಕ್ಕಿಗಳು, ಒಂದು ಆಂಡಿಸ್ ನರಿ ಕಂಡವು. ನರಿ ಜೀಪಿನ ಬಳಿಗೇ ಬಂದು ನಿಂತಿತು. ಯಾರೋ ಅದಕ್ಕೆ ತಿನ್ನಲು ಹಾಕಿ ರೂಢಿ ಮಾಡಿದ್ದಾರೆ ಎನ್ನುವುದು ಸ್ಪಷ್ಟವಾಗಿತ್ತು. ನೆಲಕ್ಕೆ ಅಂಟಿದ ಹಸಿರು ದಿಂಬಿನಂತೆ ಬೆಳೆಯುವ ಯಾರೆತಾ ಗಿಡ ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಹಬ್ಬುವುದಿಲ್ಲ. ಹಿಂದೆ ಗಣಿಗಳ ಒಲೆಗೆ ಅದನ್ನು ಗಾಡಿಗಟ್ಟಲೆ ಕಡಿದು ಒಯ್ದಿದ್ದರು. ಒರತೆಯ ನೀರು ನಿಂತು ಹುಲ್ಲು ಬೆಳೆದ ಬೊಫೆದಾಲ್ ಎಂಬ ಜೌಗಿನಲ್ಲಿ ದೈತ್ಯ ನಾಮದ ಕೋಳಿ (ಜೈಂಟ್ ಕೂಟ್) ಎಂಬ ನೀರುಹಕ್ಕಿಗಳು ಜೊಂಡಿನ ದೊಡ್ಡ ತೆಪ್ಪಗಳ ಮೇಲೆ ಗೂಡು ಕಟ್ಟಿದ್ದವು. ಅವುಗಳ ಬಂಧುವಾದ ಕೊಂಬಿನ ನಾಮದ ಕೋಳಿ, ಜೊಂಡು ಸಿಗದ ಕಡೆ, ಕೊಕ್ಕಿನಲ್ಲಿ ಕಲ್ಲುಗಳನ್ನು ಒಂದೊಂದಾಗಿ ತಂದು ನೀರಿನೊಳಗೆ ರಾಶಿ ಹಾಕಿ, ನಡುಗಡ್ಡೆಯನ್ನೇ ಕಟ್ಟಿ ಅದರ ಮೇಲೆ ಗೂಡು ಮಾಡುತ್ತದೆ. ಅದನ್ನು ನೋಡುವ ಭಾಗ್ಯ ನಮಗೆ ಸಿಗಲಿಲ್ಲ.

ಎದುವಾರ್ದೊ ಅವರೋಆ ಅಭಯಾರಣ್ಯದ ಗೇಟಿನಲ್ಲಿ ವಿದೇಶಿಯರಿಗೆ ಪ್ರವೇಶ ಶುಲ್ಕವಿದೆ. ನಾವು ಹೋದಾಗ ಅದು 150 ಬೊಲಿವಿಯಾನೊ ಇತ್ತು, ಪ್ರವಾಸದ ದರದಲ್ಲಿ ಸೇರಿರಲಿಲ್ಲ, ನಗದಾಗಿಯೇ ಕೊಡಬೇಕು. ಇದನ್ನು ಸಂಸ್ಥೆ ಮುಂಚೆಯೇ ಸರಿಯಾಗಿ ತಿಳಿಸಿತ್ತು. 7,000 ಚದರ ಕಿಲೋಮೀಟರಿಗೂ ದೊಡ್ಡದಾದ ಈ ಅಭಯಾರಣ್ಯ 1973ರಲ್ಲಿ ಸ್ಥಾಪನೆಯಾಯಿತು, ಅದರ ಹೃದಯ ಲಗುನಾ ಕೊಲೊರಾಡಾ. 4,278 ಮೀಟರ್ ಎತ್ತರದಲ್ಲಿ, ಸುಮಾರು 60 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ಸರೋವರ ಹೆಚ್ಚಿನ ಕಡೆ ಮೊಣಕಾಲಿಗೂ ಬರುವುದಿಲ್ಲ. ನಾವು ತಲುಪಿದಾಗ ಮಧ್ಯಾಹ್ನ ಕಳೆದು ಗಾಳಿ ಎದ್ದಿತ್ತು. ದಿಬ್ಬದ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ನೀರೆಂದರೆ ಹೀಗೂ ಇರಬಹುದೇ ಎನಿಸಿತು. ಕಾವಿಯಂತೆ, ತುಕ್ಕಿನಂತೆ, ಕೆಲವು ಕಡೆ ಹಣ್ಣಾದ ದಾಳಿಂಬೆಯಂತೆ ಕೆಂಪು. ನಡುನಡುವೆ ಹಿಮದ ಗಡ್ಡೆಗಳಂತೆ ಕಾಣುವ ಬೆಳ್ಳನೆಯ ದಿಬ್ಬಗಳು ಬಿಳಿಗಾರದವು. ತೀಕ್ಷ್ಣ ಬಿಸಿಲನ್ನೂ ಉಪ್ಪನ್ನೂ ತಾಳಿಕೊಳ್ಳಲು ಸೂಕ್ಷ್ಮ ಪಾಚಿಗಳು ತಮ್ಮೊಳಗೆ ತುಂಬಿಕೊಳ್ಳುವ ಕೆಂಪು ವರ್ಣದ್ರವ್ಯವೇ ಈ ನೀರಿಗೆ ಬಣ್ಣ ಕೊಡುತ್ತದೆ, ಅದೇ ಬಗೆಯ ವರ್ಣದ್ರವ್ಯ ಆಹಾರದೊಡನೆ ಒಳಸೇರಿ ಹಕ್ಕಿಯ ಗರಿಯನ್ನೂ ಗುಲಾಬಿಯಾಗಿಸುತ್ತದೆ. ನೀರಿನ ಬಣ್ಣವೂ ಹಕ್ಕಿಯ ಬಣ್ಣವೂ ಒಂದೇ ಮೂಲದವು ಎಂದು ತಿಳಿದು ನೋಡುವಾಗ, ಕೆಂಪು ನೀರಿನ ಮೇಲೆ ನಿಂತ ಸಾವಿರಾರು ಹಕ್ಕಿಗಳು ಆ ಸರೋವರದಿಂದಲೇ ಮೊಳೆತು ನಿಂತಂತೆ ಕಂಡವು.

ಈ ಸರೋವರಕ್ಕೆ ಇನ್ನೊಂದು ಮಹತ್ವವಿದೆ. ಜೇಮ್ಸ್ ರಾಜಹಂಸ ನಿರ್ನಾಮವಾಯಿತೆಂದೇ ಪಕ್ಷಿವಿಜ್ಞಾನಿಗಳು ದೀರ್ಘಕಾಲ ನಂಬಿದ್ದರು. 1950ರ ದಶಕದಲ್ಲಿ ಅದು ಮತ್ತೆ ಸಿಕ್ಕಿದ್ದು ಈ ಎತ್ತರದ ಪ್ರದೇಶದಲ್ಲಿ. ಹೊರಗಿನವರಿಗೆ ಕಳೆದುಹೋಗಿದ್ದ ಹಕ್ಕಿ ಹಳ್ಳಿಯವರಿಗೆ ಯಾವತ್ತೂ ಕಳೆದುಹೋಗಿರಲಿಲ್ಲ ಎಂದು ನಮ್ಮ ಮಾರ್ಗದರ್ಶಿ ಸೇರಿಸಿದರು. ತಮ್ಮ ಅಜ್ಜನ ಕಾಲದಲ್ಲಿ ಸರೋವರಕ್ಕಿಳಿದು ಮೊಟ್ಟೆಗಳನ್ನು ಆಯ್ದು ತರುತ್ತಿದ್ದರೆಂದು ಅವರು ಮುಚ್ಚಿಡದೆ ಹೇಳಿದರು. ರಾಜಹಂಸ ಮಣ್ಣಿನ ಗೋಪುರದಂಥ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆದ್ದರಿಂದ ಮೊಟ್ಟೆ ತೆಗೆದರೆ ಆ ವರ್ಷದ ಸಂತಾನವೇ ಹೋಯಿತು. ಅಭಯಾರಣ್ಯವಾದ ಮೇಲೆ ಆ ರೂಢಿಗೆ ತಡೆ ಬಿದ್ದಿತು, 1990ರಲ್ಲಿ ಸರೋವರ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಇಂಥ ಜಾಗಕ್ಕೆ ವೇಳಾಪಟ್ಟಿಯಲ್ಲಿ ಬರೆದಿದ್ದ ಸಮಯ ನಲವತ್ತು ನಿಮಿಷ. ಇದು ನನಗೆ ಈಗಲೂ ಒಪ್ಪಿಗೆಯಾಗದ ಸಂಗತಿ. ಕತ್ತಲಾಗುವ ಮೊದಲು ವಸತಿಗೆ ತಲುಪಬೇಕೆಂಬ ಚಾಲಕನ ಆತಂಕ ಸಕಾರಣವಾದದ್ದೇ, ಆದರೆ ವಸತಿ ಅಲ್ಲಿಂದ ಬಹಳ ದೂರವೇನೂ ಇರಲಿಲ್ಲ. ಬೆಳಿಗ್ಗೆ ವಿಚಿತ್ರ ಆಕಾರದ ಬಂಡೆಗಳ ಬಳಿ ಮೂರು ಕಡೆ ನಿಂತು ಕಳೆದ ಹೊತ್ತನ್ನು ಇಲ್ಲಿಗೆ ಉಳಿಸಿಕೊಳ್ಳಬಹುದಿತ್ತು. ಮಾರ್ಗದರ್ಶಿ ಚಾಲಕನನ್ನು ಒಪ್ಪಿಸಿದ್ದರಿಂದ ನಮಗೆ ಎರಡು ಗಂಟೆ ಸಿಕ್ಕಿತು. ಆ ಎರಡು ಗಂಟೆಗಳಲ್ಲಿ ಬಿಸಿಲು ಇಳಿದಂತೆ ನೀರಿನ ಕೆಂಪು ನೇರಳೆಗೆ ತಿರುಗಿತು, ಹಕ್ಕಿಗಳ ಒಂದು ಗುಂಪು ಕತ್ತು ನೆಟ್ಟಗೆ ಮಾಡಿ, ತಲೆಯನ್ನು ಎಡಕ್ಕೂ ಬಲಕ್ಕೂ ಒಟ್ಟಿಗೆ ತಿರುಗಿಸುತ್ತ, ಮೆರವಣಿಗೆ ಹೋಗುವಂತೆ ದಟ್ಟವಾಗಿ ನಡೆದಾಡಿದವು. ಜೋಡಿಗೂಡುವ ಮೊದಲಿನ ಕುಣಿತ ಅದು. ನಲವತ್ತು ನಿಮಿಷಗಳಿಗೆ ಹೊರಟಿದ್ದರೆ ಅದನ್ನು ನೋಡುತ್ತಿರಲಿಲ್ಲ. ಸಂಸ್ಥೆ ಕೊಡುವುದಾಗಿ ಹೇಳಿದ್ದ ದುರ್ಬೀನು ಬಂದಿರಲೇ ಇಲ್ಲ. ಅಕ್ಕನ ಒಂದೇ ದುರ್ಬೀನನ್ನು ಐವರೂ ಸರದಿಯಲ್ಲಿ ಹಂಚಿಕೊಂಡೆವು.

ವಸತಿ, ಊಟಗಳ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಮೊದಲ ರಾತ್ರಿ ಉಪ್ಪಿನ ಇಟ್ಟಿಗೆಗಳಿಂದ ಕಟ್ಟಿದ ಅಚ್ಚುಕಟ್ಟಾದ ಮನೆ, ಎರಡನೆಯ ರಾತ್ರಿ ಐವರಿಗೂ ಒಂದೇ ಕೋಣೆ, ಹೀಟರ್ ಇಲ್ಲ, ಬಿಸಿನೀರಿಲ್ಲ, ಬೆಳಿಗ್ಗೆ ಹೊರಗೆ ಬಕೆಟಿನ ನೀರು ಹೆಪ್ಪುಗಟ್ಟಿತ್ತು. ಇದನ್ನೆಲ್ಲ ಮೊದಲೇ ಹೇಳಿದ್ದರು, ಮಲಗುವ ಚೀಲಗಳು ಶುಚಿಯಾಗಿದ್ದವು. ಸಸ್ಯಾಹಾರವನ್ನು ಮುಂಚಿತವಾಗಿ ತಿಳಿಸಿದ್ದರಿಂದ ಕಿನೊವಾ ಸೂಪು, ಆಲೂಗಡ್ಡೆ, ಅನ್ನ ಸಿಕ್ಕಿದವು. ಎತ್ತರದ ತಲೆನೋವಿಗೆ ಕೋಕಾ ಎಲೆಯ ಚಹಾ ಕೊಟ್ಟರು, ಆಮ್ಲಜನಕದ ಸಿಲಿಂಡರು ಗಾಡಿಯಲ್ಲಿದೆಯೇ ಎಂದು ಹೊರಡುವ ಮೊದಲು ಕೇಳಿದಾಗ ತೆರೆದು ತೋರಿಸಿದರು. ಭಾವನಿಗೆ ಆ ರಾತ್ರಿ ಉಸಿರಾಟ ಕಷ್ಟವಾದಾಗ ಮಾರ್ಗದರ್ಶಿ ಎರಡು ಬಾರಿ ಎದ್ದು ಬಂದು ನೋಡಿದರು. ಈ ಎಚ್ಚರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ತಗ್ಗು ಪ್ರದೇಶದಿಂದ ಬರುವವರು ಹೊರಡುವ ಮೊದಲು ಎರಡು ಮೂರು ದಿನವಾದರೂ ಎತ್ತರದ ಊರಿನಲ್ಲಿ ತಂಗಿ ದೇಹವನ್ನು ಒಗ್ಗಿಸಿಕೊಳ್ಳಬೇಕು.

ಮೂರನೆಯ ದಿನ ನಸುಕಿನಲ್ಲೇ ಎಬ್ಬಿಸಿ 4,800 ಮೀಟರಿಗೂ ಎತ್ತರದ ಸೋಲ್ ದೆ ಮಾನ್ಯಾನಾಕ್ಕೆ ಕರೆದೊಯ್ದರು. ನೆಲದಿಂದ ಹಬೆ ಉಗಿಯುವ, ಬೂದು ಕೆಸರು ಕುದಿಯುವ ಜಾಗವದು. ಬೇಲಿಯಿಲ್ಲ, ಮಣ್ಣು ಎಲ್ಲಿ ಗಟ್ಟಿ ಎಲ್ಲಿ ಟೊಳ್ಳು ಎಂದು ಹೊಸಬರಿಗೆ ತಿಳಿಯುವುದಿಲ್ಲ, ಆದುದರಿಂದ ಮಾರ್ಗದರ್ಶಿಯ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟೇ ನಡೆಯಬೇಕು. ಅದಕ್ಕಿಂತ ನನಗೆ ಹಿಡಿಸಿದ್ದು ಚಾಲ್ವಿರಿ ಸರೋವರದ ದಂಡೆ. ಅಲ್ಲಿನ ಬಿಸಿನೀರಿನ ಕೊಳದಲ್ಲಿ ಜನರೆಲ್ಲ ಸ್ನಾನಕ್ಕಿಳಿದಾಗ, ಆ ಬಿಸಿನೀರು ಹರಿದು ಸರೋವರ ಸೇರುವ ಕಡೆ ಮಂಜುಗಡ್ಡೆ ಕರಗಿ ತೆರೆದ ನೀರಾಗಿದ್ದುದನ್ನೂ, ರಾಜಹಂಸಗಳು ಅಲ್ಲಿಯೇ ಒತ್ತಾಗಿ ನಿಂತು ಮೇಯುತ್ತಿದ್ದುದನ್ನೂ ನಾವು ನೋಡಿದೆವು.

ಕೊನೆಯದು 5,916 ಮೀಟರ್ ಎತ್ತರದ ಲಿಕಾಂಕಾಬುರ್ ಜ್ವಾಲಾಮುಖಿಯ ಬುಡದಲ್ಲಿರುವ ಲಗುನಾ ವೆರ್ದೆ, ಅಂದರೆ ಹಸಿರು ಸರೋವರ. ಬೆಳಗಿನ ನಿಶ್ಚಲದಲ್ಲಿ ಅದು ಬೂದಾಗಿತ್ತು. ಗಾಳಿ ಬೀಸತೊಡಗಿ ತಳದ ಖನಿಜಗಳು ಕಲಕಿದಂತೆ ಹಸಿರು ಬಣ್ಣ ದಂಡೆಯಿಂದ ನಡುವಿನತ್ತ ಹರಡಿತು. ಆ ನೀರಿನಲ್ಲಿ ಆರ್ಸೆನಿಕ್ ಹೇರಳವಾಗಿದೆ, ಅಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಕಿರಿದಾದ ನೆಲದ ಪಟ್ಟಿಯೊಂದರ ಆಚೆಗೇ ಇರುವ ಲಗುನಾ ಬ್ಲಾಂಕಾದಲ್ಲಿ ಹಕ್ಕಿಗಳಿದ್ದವು. ಇಡೀ ಪ್ರವಾಸದಲ್ಲಿ ಕಲಿತದ್ದನ್ನು ಈ ಎರಡು ಸರೋವರಗಳು ಒಂದೇ ನೋಟದಲ್ಲಿ ತೋರಿಸಿದವು. ಉಪ್ಪುಸರೋವರ ಎಂಬ ಒಂದೇ ಹೆಸರಿನ ಕೆಳಗೆ ಪ್ರತಿಯೊಂದರ ನೀರೂ ಬೇರೆ, ಒಂದು ಬರಿದಾದರೆ ಅಲ್ಲಿನ ಜೀವಗಳು ಪಕ್ಕದ್ದಕ್ಕೆ ಹೋಗಿ ಬದುಕುತ್ತವೆ ಎಂದು ಲೆಕ್ಕ ಹಾಕುವಂತಿಲ್ಲ.

ಮರಳುವ ದಾರಿಯಲ್ಲಿ ಲಿಥಿಯಂ ಬಗ್ಗೆ ಭಾವ ಕೇಳಿದ ಪ್ರಶ್ನೆಗೆ ಮಾರ್ಗದರ್ಶಿ ಬಹಳ ಹೊತ್ತು ಉತ್ತರಿಸಿದರು. ಉಯುನಿಯ ಉಪ್ಪಿನಡಿಯ ನೀರಿನಲ್ಲಿ ಬ್ಯಾಟರಿಗಳಿಗೆ ಬೇಕಾದ ಲಿಥಿಯಂ ಅಪಾರವಾಗಿದೆ. ಗಡಿಯಾಚೆಯ ಅಟಕಾಮಾ ಬಯಲಿನಲ್ಲಿ 1980ರ ದಶಕದಿಂದಲೇ ಅಂಥ ನೀರನ್ನು ಪಂಪು ಮಾಡಿ ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯುತ್ತಿದ್ದಾರೆ, ಅಲ್ಲಿನ ರಾಜಹಂಸಗಳ ಮೇಲೆ ಅದರ ಪರಿಣಾಮವನ್ನು ವಿಜ್ಞಾನಿಗಳು ಗಮನಿಸುತ್ತಿದ್ದಾರೆ. ಬೊಲಿವಿಯಾದ ಎರಡನೆಯ ಅತಿ ದೊಡ್ಡ ಸರೋವರವಾಗಿದ್ದ ಪೂಪೊ 2015ರ ಕೊನೆಯ ಹೊತ್ತಿಗೆ ಒಣಗಿಹೋದುದನ್ನು ಅವರು ನೆನಪಿಸಿದರು. ಅವರ ಹಳ್ಳಿಯ ಯುವಕರಿಗೆ ಕೆಲಸ ಬೇಕು, ನೀರೂ ಬೇಕು. ಎರಡನ್ನೂ ಮರೆಮಾಚದೆ ಹೇಳಿದ ಆ ಅರ್ಧ ಗಂಟೆಯ ಮಾತು ಯಾವ ಪ್ರವಾಸದ ಕೈಪಿಡಿಯಲ್ಲೂ ನನಗೆ ಸಿಕ್ಕಿರಲಿಲ್ಲ.

ಮಾರ್ಗದರ್ಶಿಗೆ ಐದಕ್ಕೆ ಐದು, ಸುರಕ್ಷತೆಗೆ ನಾಲ್ಕು, ವೇಳಾಪಟ್ಟಿಗೆ ಎರಡು, ಚಾಲಕರು ವನ್ಯಜೀವಿಗಳೊಡನೆ ನಡೆದುಕೊಳ್ಳುವ ರೀತಿಗೆ ಎರಡು ಅಂಕಗಳನ್ನು ಕೊಡುತ್ತೇನೆ. ಉಯುನಿಗೆ ಮರಳಿದ ಸಂಜೆ ನಾವು ಜೀಪು ದಂಡೆಗಿಳಿದದ್ದನ್ನೂ ದುರ್ಬೀನು ಬಾರದ್ದನ್ನೂ ಸಂಸ್ಥೆಯ ಮಾಲೀಕರಿಗೆ ತಿಳಿಸಿದೆವು. ಅವರು ಕೇಳಿಸಿಕೊಂಡು ಬರೆದುಕೊಂಡರು, ನಾಲ್ಕು ದಿನಗಳ ಪ್ರವಾಸವೂ ಇದೆ, ಅದರಲ್ಲಿ ಸರೋವರಗಳಿಗೆ ಹೆಚ್ಚು ಹೊತ್ತು ಸಿಗುತ್ತದೆ ಎಂದರು. ಅದನ್ನು ನಮಗೆ ಮೊದಲೇ ಹೇಳಿದ್ದರೆ ಅದನ್ನೇ ತೆಗೆದುಕೊಳ್ಳುತ್ತಿದ್ದೆವು. ಹಣ ಕಟ್ಟುವ ಮೊದಲು ಅಲ್ಲಿನ ಯಾವ ಸಂಸ್ಥೆಯವರನ್ನಾದರೂ ಮೂರು ಮಾತು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಪ್ರತ್ಯೇಕ ಮಾರ್ಗದರ್ಶಿ ಬರುತ್ತಾರೆಯೇ, ಗಾಡಿಯನ್ನು ದಂಡೆಯಿಂದ ಎಷ್ಟು ದೂರ ನಿಲ್ಲಿಸುತ್ತಾರೆ, ಲಗುನಾ ಕೊಲೊರಾಡಾದಲ್ಲಿ ಎಷ್ಟು ಹೊತ್ತು ಇರುತ್ತೇವೆ.